ತೀರ್ಥಹಳ್ಳಿ ಲೆಕ್ಕದ ಅರವತ್ತು

ಮೊನ್ನೆ ಒಂದು ಟ್ರ್ಯಾಕ್ಟರ್ ನನ್ನ ಕಾರನ್ನು ಓವರ್‌ಟೇಕ್ ಮಾಡಿತು. ಹಿಂದೆ ಹುಲ್ಲು ತುಂಬಿದ ಟ್ರೈಲರ್ ಬೇರೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿ ಓಡಿಸಿ ಕೈ ಪಳಗಿಸಿಕೊಂಡವನಿಗೆ ಈ ಗತಿ!

ನಾನಿರುವುದು ಡಬ್ಲಿನ್‌ನಲ್ಲಿ. ಇಲ್ಲಿ ಸ್ಪೀಡ್ ಎಲ್ಲ ನಮ್ಮೂರಿನ ಹಾಗೆ ಕಿಲೋಮೀಟರ್ ಲೆಕ್ಕ. ಮೊದಲು ಮೈಲಿ ಇತ್ತು, 2005ರ ಜನವರಿ 20ರಂದು ಬದಲಾಯಿಸಿದರು. ಆದರೆ ಉತ್ತರ ಐರ್ಲೆಂಡ್ ಬ್ರಿಟನ್ ಆಡಳಿತದ್ದು, ಅಲ್ಲಿ ಈಗಲೂ ಮೈಲಿ. ಗಡಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟಿಲ್ಲ. ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಯಿತು ಅಂದ್ರೆ ದೇಶ ಬದಲಾಯಿತು ಅಂತ ಅರ್ಥ. ಈ ಕಡೆಯ ಬೋರ್ಡಿನಲ್ಲಿ ಅಂಕಿಯ ಕೆಳಗೆ ಕಿಲೋಮೀಟರ್ ಅಂತ ಸಣ್ಣದಾಗಿ ಇರುತ್ತದೆ. ಆ ಕಡೆ ಬರೀ ಅಂಕಿ.

ಮೊನ್ನೆ ಗಡಿ ದಾಟಿ ಆ ಕಡೆ ಹೋದಾಗ ಬೋರ್ಡ್ 40 ಅಂದಿತು. ನನ್ನ ಹಳೇ ಕಾರಿನ ಮೀಟರಿನಲ್ಲಿ ಇರುವುದು ಕಿಲೋಮೀಟರ್ ಮಾತ್ರ. ಮುಳ್ಳನ್ನು 40ಕ್ಕೆ ಇಳಿಸಿ, ಶಿಸ್ತಾಗಿ ಹೋಗುತ್ತಿದ್ದೇನೆ ಅಂದುಕೊಂಡು ತೆವಳಿದೆ. ಅವರ 40 ಅಂದ್ರೆ ನಮ್ಮ 64. ಹಿಂದೆ ಸಾಲಾಗಿ ನಿಂತವರಿಗೆ ಎಷ್ಟು ಸಿಟ್ಟು ಬಂದಿತ್ತೋ!

ರಾತ್ರಿ ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದೆ.

"ಅಲ್ಲಿ ಊರ ಹೊರಗಿನ ರಸ್ತೆಗೆ ಎಷ್ಟು ಬಿಡ್ತಾರೆ?"

"ಅರವತ್ತು."

"ಅಷ್ಟೇನಾ? ನಮ್ಮ ಪ್ರೈವೇಟ್ ಬಸ್ಸೂ ಮಂಡಗದ್ದೆ ಹತ್ರ ಅದಕ್ಕಿಂತ ಜೋರು ಹೋಗ್ತದಲ್ಲ ಮಾರಾಯ."

"ಮೈಲಿ, ಅಪ್ಪಯ್ಯ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ಒಂದು ಗಂಟೇಲಿ ತರೀಕೆರೆ ಹತ್ರ ಹೋಗ್ತೀಯ" ಅಂದರು.

ಲೆಕ್ಕ ಸರಿ. ತೀರ್ಥಹಳ್ಳಿಯಿಂದ ಶಿವಮೊಗ್ಗ ಹೆಚ್ಚುಕಮ್ಮಿ 60 ಕಿಲೋಮೀಟರ್. ಅರವತ್ತು ಮೈಲಿ ಅಂದ್ರೆ ಸುಮಾರು 97 ಕಿಲೋಮೀಟರ್, ಶಿವಮೊಗ್ಗ, ಭದ್ರಾವತಿ ಎರಡೂ ಹಿಂದೆ ಬಿದ್ದಿರುತ್ತವೆ. ಅಪ್ಪಯ್ಯ ಓದಿದ್ದು ಎಂಟು ಫರ್ಲಾಂಗಿಗೆ ಒಂದು ಮೈಲಿ ಅನ್ನುವ ಕಾಲದಲ್ಲಿ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂದರೂ ಜನರ ಬಾಯಿಂದ ಮೈಲಿ ಅಷ್ಟು ಬೇಗ ಹೋಗಲಿಲ್ಲ. ಅಜ್ಜಿಯಂತೂ ಹರದಾರಿಯಲ್ಲೇ ಇದ್ದರು, ಸುಮಾರು ಮೂರು ಮೈಲಿಗೆ ಒಂದು. ನಾವೇನು ಕಮ್ಮಿ? ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳುವಾಗ ಮೈಲೇಜ್ ಅಂತೀವಿ, ಅಲ್ವಾ?

ಸರಿಯಾಗಿ ಹೇಳಬೇಕೆಂದರೆ ಒಂದು ಮೈಲಿಗೆ 1.609344 ಕಿಲೋಮೀಟರ್. ಸ್ಟೇರಿಂಗ್ ಹಿಡಿದವನಿಗೆ ಇಷ್ಟೆಲ್ಲ ಯಾಕೆ? ಅಪ್ಪಯ್ಯನ ದಾರಿ ಸುಲಭ. ಮೈಲಿಯ ಅಂಕಿಗೆ ಅದರ ಅರ್ಧ ಸೇರಿಸಿ, ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ. 70ಕ್ಕೆ 35, ಮತ್ತೆ 7, ಒಟ್ಟು 112. ಕಿಲೋಮೀಟರಿನಿಂದ ಮೈಲಿಗೆ ಬರುವಾಗ ಮೂಲ ಅಂಕಿ ಬಿಟ್ಟು ಆ ಅರ್ಧ ಮತ್ತು ಹತ್ತರ ಪಾಲು ಮಾತ್ರ ಕೂಡಿಸಿ. 120ಕ್ಕೆ 60, 12, ಒಟ್ಟು 72. ನಿಜವಾದ ಲೆಕ್ಕ 74ರ ಮೇಲಿದೆ. ಎರಡರಲ್ಲೂ ಉತ್ತರ ಸ್ವಲ್ಪ ಕಮ್ಮಿಯೇ ಬರುತ್ತದೆ, ಹಾಗಾಗಿ ದಂಡದ ಭಯವಿಲ್ಲ.

ಉಲ್ಟಾ ಆದರೆ ಮಾತ್ರ ಕಷ್ಟ. ಬೆಲ್‌ಫಾಸ್ಟ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡ ಕಾರಿನ ಮೀಟರ್ ಮೈಲಿಯದ್ದಾಗಿರುತ್ತದೆ. ಅದರಲ್ಲಿ ಈ ಕಡೆ ಬಂದು, 100ರ ಬೋರ್ಡ್ ನೋಡಿ ಮುಳ್ಳನ್ನು 100ಕ್ಕೆ ಏರಿಸಿದರೆ ಹೋಗುವುದು 161ರಲ್ಲಿ. ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕುವುದೇ ವಾಸಿ.

ಈಗ ಮೀಟರಿನ ಪಕ್ಕ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. 30 ಗಾಜನೂರು, 40 ಶಿವಮೊಗ್ಗ, 50 ಭದ್ರಾವತಿ, 60 ತರೀಕೆರೆ. 70ರ ಮುಂದೆ ಬೀರೂರು ಅಂತ ಬರೆಯಲು ಹೊರಟಿದ್ದೆ. "ಬ್ಯಾಡ, ಬೀರೂರು ಇನ್ನೂ ಮುಂದದೆ, ಪೊಲೀಸ್ ಹಿಡೀತಾರೆ" ಅಂದರು ಅಪ್ಪಯ್ಯ. ಅದೊಂದು ಜಾಗ ಇನ್ನೂ ಖಾಲಿ ಇದೆ.