ಒಂದು ಕೋಣೆಯ ಬಾಡಿಗೆ
ಇವತ್ತು ಹೋಟೆಲ್ ರೂಮು ಖಾಲಿ ಮಾಡುವಾಗ ಬಾಗಿಲಲ್ಲಿ ಒಬ್ಬರು ಒಗೆದ ಹಾಸಿಗೆ ಬಟ್ಟೆಯ ರಾಶಿ ಹೊತ್ತು ಕಾಯ್ತಾ ನಿಂತಿದ್ದರು. ನಾವು ಹೊರಬಿದ್ದ ಮೇಲೇ ಅವರ ಕೆಲಸ ಶುರು. ಬಟ್ಟೆ ಒಗೆಯುವವರು, ತರಕಾರಿ ತಂದುಕೊಡುವವರು, ಗಾಡಿ ಓಡಿಸುವವರು, ಊರು ತೋರಿಸುವವರು... ಒಂದು ಕೋಣೆಯ ಬಾಡಿಗೆ ಎಷ್ಟು ಮನೆಗಳ ಒಲೆ ಹೊತ್ತಿಸುತ್ತೆ!

2019ರಲ್ಲಿ ಜಗತ್ತಿನ ಹತ್ತು ಉದ್ಯೋಗಗಳಲ್ಲಿ ಸುಮಾರು ಒಂದು ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡಿತ್ತು. ಮರುವರ್ಷ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಶೇ. 70ಕ್ಕೂ ಹೆಚ್ಚು ಕುಸಿಯಿತು. ಸೀಸನ್‌ಗಷ್ಟೇ ಕರೆಸಿಕೊಳ್ಳುವ ಈ ಕೈಗಳು ಆಗ ಏನು ಮಾಡಿದವೋ. ಲಾಭ ಎಲ್ಲೋ ದೂರದ ಮಾಲೀಕರ ಖಾತೆಗೆ ಹೋದರೂ ಇವರ ಸಂಬಳ ಮಾತ್ರ ಊರಲ್ಲೇ ಖರ್ಚಾಗುತ್ತೆ, ಊರಿನ ಅಂಗಡಿಯನ್ನೂ ನಡೆಸುತ್ತೆ. ಅದು ಹನ್ನೆರಡು ತಿಂಗಳೂ ಸಿಗಬೇಕು.

ಹೊರಡುವಾಗ ಅವರ ಹೆಸರು ಕೇಳಿದೆ. ನಗುತ್ತಾ ಹೇಳಿದರು.