ಹಸಿರು ಬಟನ್ ಒತ್ತಲು ಬಂದರೆ ಸಿಎನ್‌ಸಿ ಬಂದಂತಲ್ಲ

ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಐಟಿಐ ಮುಗಿಸಿ ಪುಣೆಗೆ ಬರುವ ಎಷ್ಟೋ ಹುಡುಗರಿಗೆ ಭೋಸರಿ, ಚಾಕಣದ ಸಣ್ಣ ಕಾರ್ಖಾನೆಗಳಲ್ಲಿ ಸಿಗುವುದು ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಮಷೀನ್) ಆಪರೇಟರ್ ಎಂಬ ಹೆಸರಿನ ಕೆಲಸ. ಚಕ್‌ಗೆ (ಹಿಡಿದು ತಿರುಗಿಸುವ ಭಾಗ) ಜಾಬ್ (ಕಡೆಯಬೇಕಾದ ತುಂಡು) ಹಾಕು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು, ತೆಗೆದು ಟ್ರೇನಲ್ಲಿಡು. ಎರಡು ದಿನದಲ್ಲಿ ಬಂದುಬಿಡುತ್ತದೆ. ಆದ್ದರಿಂದಲೇ ಆರ್ಡರ್ ಇಳಿದಾಗ ಇವರನ್ನು ಬಿಡಿಸುವುದೂ ಸುಲಭ. ಮಷೀನ್ ಸೆಟ್ ಮಾಡುವವನನ್ನು ಹಾಗೆ ಬಿಡಿಸಲಾಗುವುದಿಲ್ಲ. ಅವನಿಗೆ ಅಳತೆ ಗೊತ್ತು, ಆಫ್‌ಸೆಟ್ (ಮಷೀನಿಗೆ ಕೊಡುವ ಟೂಲ್ ತಿದ್ದುಪಡಿಯ ಅಂಕಿ) ಗೊತ್ತು.

ಡ್ರಾಯಿಂಗ್‌ನಲ್ಲಿ 25 ಎಚ್7 ಅಂತ ಇದೆ ಅನ್ನಿ (ಸಣ್ಣ ಎಚ್, ಅಂದರೆ ಶಾಫ್ಟ್, ದುಂಡನೆಯ ದಂಡ). ವ್ಯಾಸ 25.000ರಿಂದ 24.979 ಮಿ.ಮೀ. ಒಳಗೆ ಬರಬೇಕು; ಬಿಟ್ಟಿರುವ ಜಾಗ 21 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಅಷ್ಟೇ. ಐಟಿಐನಲ್ಲಿ ಕೈಗೆ ಕೊಡುವ ವರ್ನಿಯರ್‌ನ ಒಂದು ಗೆರೆಯೇ 0.02 ಮಿ.ಮೀ. ಅದರಲ್ಲಿ ಈ ಜಾಬ್ ಪಾಸೋ ಫೇಲೋ ಹೇಳಲಿಕ್ಕೇ ಬರುವುದಿಲ್ಲ, ಮೈಕ್ರೋಮೀಟರ್ ಬೇಕು. ಅದರಲ್ಲೂ ಮೊದಲು ಎರಡೂ ಮುಖ ಒರೆಸಿ ಸೊನ್ನೆ ನೋಡಬೇಕು, ಕೊನೆಗೆ ತುದಿಯಲ್ಲಿ ಟಕ್ಕೆಂದು ಜಾರುವ ರ‍್ಯಾಚೆಟ್ಟನ್ನೇ ತಿರುಗಿಸಬೇಕು. ಥಿಂಬಲ್ (ತಿರುಗಿಸುವ ದೊಡ್ಡ ಹಿಡಿ) ಹಿಡಿದು ಬಿಗಿದರೆ ಅಳತೆ ಕಡಿಮೆ ತೋರಿಸುತ್ತದೆ. ಬಿಸಿ ಜಾಬ್ ಇನ್ನೊಂದು ಮೋಸ: 25 ಮಿ.ಮೀ. ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಮಷೀನಿನ ಹತ್ತಿರ ಪಾಸಾದದ್ದು ತಣ್ಣಗಾಗಿ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಹೋದಾಗ ಫೇಲಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಆಫ್‌ಸೆಟ್. ಜಾಬ್ 25.050 ಬಂದಿದೆ, ಗುರಿ 24.990. ಅಂದರೆ ವೇರ್ ಆಫ್‌ಸೆಟ್‌ನ (ಟೂಲ್ ಸವೆತಕ್ಕೆ ಮಾಡುವ ತಿದ್ದುಪಡಿ) ಎಕ್ಸ್‌ನಲ್ಲಿ (ವ್ಯಾಸದ ಅಂಕಿ) ಇನ್ನೂ 0.060 ಕಳೆಯಬೇಕು. ಫಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ 'ಇನ್‌ಪುಟ್' ಒತ್ತಿದರೆ ಹಳೆಯ ಅಂಕಿ ಅಳಿದು ಹೊಸದು ಕೂರುತ್ತದೆ. 'ಪ್ಲಸ್ ಇನ್‌ಪುಟ್' ಒತ್ತಿದರೆ ಹಳೆಯದಕ್ಕೆ ಸೇರುತ್ತದೆ. ಅಲ್ಲಿ ಮೊದಲೇ ಮೈನಸ್ 0.020 ಇದ್ದರೆ, ಬೇಕಾದದ್ದು ಮೈನಸ್ 0.080. ಬರೀ ಇನ್‌ಪುಟ್ ಒತ್ತಿದವನಿಗೆ ಸಿಗುವುದು ಮೈನಸ್ 0.060, ಮುಂದಿನ ಜಾಬ್ 25.010. ಲೆಕ್ಕ ಸರಿ, ಕೀ ತಪ್ಪು. ಮೈನಸ್ ಬದಲು ಪ್ಲಸ್ ಹೊಡೆಯುವುದು, ದಶಾಂಶದ ಚುಕ್ಕೆ ಬಿಡುವುದು ಇದಕ್ಕಿಂತ ಅಪಾಯ. ಚುಕ್ಕೆ ಬಿಟ್ಟ 60 ಅಂದರೆ 60 ಮೈಕ್ರಾನೋ 60 ಮಿಲಿಮೀಟರೋ ಎಂಬುದು ಮಷೀನಿನ ಪ್ಯಾರಾಮೀಟರ್ (ಒಳಗಿನ ಸೆಟ್ಟಿಂಗ್) ಮೇಲೆ ನಿಂತಿದೆ. ಅದಕ್ಕೇ ಹೊಸ ಇನ್ಸರ್ಟ್ (ಟೂಲಿನ ಕತ್ತರಿಸುವ ತುಣುಕು) ಹಾಕಿದ ಮೇಲೆ ಹೊರವ್ಯಾಸಕ್ಕೆ 0.200 ಹೆಚ್ಚು ಬಿಟ್ಟು, ಸಿಂಗಲ್ ಬ್ಲಾಕ್ (ಪ್ರೋಗ್ರಾಮಿನ ಒಂದೊಂದೇ ಸಾಲು ಓಡಿಸುವುದು) ಹಾಕಿ, ರ‍್ಯಾಪಿಡ್ (ಕತ್ತರಿಸದೆ ಓಡುವ ವೇಗ) ಶೇಕಡಾ 25ಕ್ಕೆ ಇಳಿಸಿ ಮೊದಲ ಜಾಬ್ ಓಡಿಸುವುದು. ಅಳೆದ ಮೇಲೆ ತಿದ್ದುವುದು.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು ಒಂದೇ: ಒಂದು ಮಷೀನಿಗೆ ಎಷ್ಟು ಜನ? 20 ಜನಕ್ಕೆ ಒಂದು ಮಷೀನ್, ದಿನಕ್ಕೆ 3 ಗಂಟೆ ಪ್ರಾಕ್ಟಿಕಲ್ ಅಂದರೆ ತಲೆಗೆ 9 ನಿಮಿಷ. ಸಿಮ್ಯುಲೇಟರ್ ಕೋಡ್ ಕಲಿಸಬಹುದು, ಬಿಸಿ ಜಾಬ್ ಕಲಿಸದು.

ಆ 9 ನಿಮಿಷಕ್ಕಿಂತ ಅಪ್ರೆಂಟಿಸ್‌ಶಿಪ್ ಎಷ್ಟೋ ಮೇಲು. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಕಾರ್ಖಾನೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿದ ಕರಾರು ಕೈಯಲ್ಲಿರಬೇಕು. ಅದಿಲ್ಲದೆ ಗುತ್ತಿಗೆದಾರ 'ಟ್ರೈನಿ' ಅಂತ ಕರೆದರೆ ಅದು ಬರೀ ಕೂಲಿ. ಕೊನೆಗೆ ಪರೀಕ್ಷೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ನಮ್ಮ ಕಡೆಯವರಿಗೆ ಈ ನೋಂದಣಿಯಲ್ಲಿ ಒಂದು ವಿಶೇಷ ತೊಡಕಿದೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಮತ್ತೊಂದು. ಪುಣೆಯ ರೈಲು ಹತ್ತುವ ಮುಂಚೆಯೇ ಊರಲ್ಲಿ ಇದನ್ನು ಸರಿಮಾಡಿಸಿಕೊಳ್ಳಿ, ಆಧಾರ್ ಜೋಡಿಸಿದ ಖಾತೆಯನ್ನೂ ತೆರೆಯಿರಿ.

ಮರಾಠಿಗೆ ಹೆದರಬೇಕಿಲ್ಲ. ಉಜವೀಕಡೆ ಅಂದರೆ ಬಲಕ್ಕೆ, ಡಾವೀಕಡೆ ಅಂದರೆ ಎಡಕ್ಕೆ, ಮಾಪ ಘೇ ಅಂದರೆ ಅಳತೆ ತೆಗೆ. ಉಳಿದದ್ದು ತಿಂಗಳೊಳಗೆ ಕಿವಿಗೆ ಬೀಳುತ್ತದೆ.

ಅಲ್ಲಿಯವರೆಗೆ ಒಂದು ಅಭ್ಯಾಸ. ನುಣುಪಾದ ಒಂದು ಶಾಫ್ಟ್ ತುಂಡು ಹಿಡಿದು ಒಂದೇ ಜಾಗದಲ್ಲಿ 10 ಸಲ ಅಳೆಯಿರಿ, ಪ್ರತಿ ಸಲ ಮೈಕ್ರೋಮೀಟರನ್ನು ಶಾಫ್ಟ್‌ನಿಂದ ಪೂರ್ತಿ ಸಡಿಲಿಸಿ ಮತ್ತೆ ಹಿಡಿಯಿರಿ, ಅಂಕಿ ಬರೆದಿಡಿ. ದೊಡ್ಡದಕ್ಕೂ ಸಣ್ಣದಕ್ಕೂ 0.01ಕ್ಕಿಂತ ಹೆಚ್ಚು ಅಂತರ ಬಂದರೆ ಆಫ್‌ಸೆಟ್ ಪೇಜಿಗೆ ಕೈ ಹಾಕಬೇಡಿ, ಇನ್ನೂ 10 ಸಲ ಅಳೆಯಿರಿ.