ಚಿತ್ರ ಬಂತು, ಸದ್ದು ಬರಲಿಲ್ಲ

ಬೆಂಗಳೂರು, 13 ಅಕ್ಟೋಬರ್ 2024, ಭಾನುವಾರ

ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮ ಸೋಲ್ಡರಿಂಗ್ ಐರನ್ನಿನ ಹಿಡಿಯ ಸಂದಿಯಲ್ಲಿ ಇನ್ನೂ ಇದೆ. ಪೂಜೆಗಿಟ್ಟದ್ದನ್ನು ಅಮ್ಮ ನಿನ್ನೆಯೂ ಮುಟ್ಟಗೊಡಲಿಲ್ಲ. ಇಂದು ಬೆಳಿಗ್ಗೆ ಆರಕ್ಕೇ ಎದ್ದು ಹಳೆಯ ಟಿವಿ ಗೇಮನ್ನು ಬಿಚ್ಚಿದೆ.

1996ರ ಬೇಸಿಗೆ ರಜೆಯಲ್ಲಿ ಸೋದರಮಾವ ತಂದುಕೊಟ್ಟದ್ದು ಇದು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರದ ನಕಲು ಎಂಬುದು ನನಗಾಗಲಿ ಅಕ್ಕನಿಗಾಗಲಿ ಆಗ ತಿಳಿದಿರಲಿಲ್ಲ. ನಮಗದು ಟಿವಿ ಗೇಮ್. ಅದರ ಬಾಯಿಗೆ ಹಾಕುವುದು ಕ್ಯಾಸೆಟ್.

ಒಳಗಿನದನ್ನೆಲ್ಲ ಕಿತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸು, ಸಾವಿರ ಆಟ ಆಡಬಹುದು ಎಂದು ಕಚೇರಿಯ ಗೆಳೆಯ ಹೇಳಿದ. ನನಗೆ ಮನಸ್ಸು ಬರಲಿಲ್ಲ. ಬೋರ್ಡಿನ ಮೇಲೆ ಯುಎ6527ಪಿ, ಯುಎ6538 ಎಂಬ ಎರಡು ದೊಡ್ಡ ಚಿಪ್‌ಗಳಿವೆ. ತೈವಾನಿನ ಯುಎಂಸಿ ಕಂಪನಿ ಪಾಲ್ ಎಂಬ ಪ್ರಸಾರ ಪದ್ಧತಿಯ ಟಿವಿಗಳಿರುವ ನಮ್ಮಂಥ ದೇಶಗಳಿಗೆ ಹೊಂದುವಂತೆ ಮಾಡಿದವು. ಆ ರಜೆಯಲ್ಲಿ ನಮ್ಮೊಡನೆ ಆಡಿದ್ದು ಇವೇ. ಇವನ್ನು ತೆಗೆದ ಮೇಲೆ ಅದು ಬೇರೆ ಯಂತ್ರ.

ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿದೆ. ಕಳೆದ ವಾರವೇ ಎಸ್.ಪಿ. ರಸ್ತೆಯಿಂದ ತಂದಿದ್ದೆ. ವೋಲ್ಟೇಜನ್ನು ಹದದಲ್ಲಿಡುವ 7805 ರೆಗ್ಯುಲೇಟರ್ ಈಗ ನೆಟ್ಟಗೆ 5 ವೋಲ್ಟ್ ಕೊಡುತ್ತಿದೆ. ನಾನು ಮಾಡಿದ ನಿಜವಾದ ಮಾರ್ಪಾಡು ಒಂದೇ. ಆಂಟೆನಾ ತಂತಿಯ ಮೂಲಕ ಬರುತ್ತಿದ್ದ ಮಸುಕು ಚಿತ್ರದ ಬದಲು ನೇರ ವಿಡಿಯೊ ತೆಗೆದುಕೊಂಡೆ. ಯುಎ6538ರ 21ನೆಯ ಕಾಲಿನಲ್ಲಿ ಸಿದ್ಧ ವಿಡಿಯೊ ಸಿಗುತ್ತದೆ. ಆದರೆ ಟಿವಿಯವರೆಗೆ ತಳ್ಳುವ ಬಲ ಅದಕ್ಕಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು. ಹಳೆಯ ಆರ್‌ಎಫ್ ಡಬ್ಬಿ (ಆಂಟೆನಾ ತಂತಿಗೆ ಚಿತ್ರ ಕಳಿಸುತ್ತಿದ್ದದ್ದು) ತೆಗೆದ ತೂತಿನಲ್ಲೇ ಚಿತ್ರಕ್ಕೆ ಹಳದಿ, ಸದ್ದಿಗೆ ಬಿಳಿ ಸಾಕೆಟ್‌ಗಳನ್ನು ಕೂರಿಸಿದೆ. ಹೊಸದಾಗಿ ಒಂದು ರಂಧ್ರವನ್ನೂ ಕೊರೆಯಲಿಲ್ಲ. ಡಬ್ಬಿಯನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಬೇಕೆಂದಾಗ ಮೊದಲಿನಂತೆಯೇ ಜೋಡಿಸಬಹುದು.

ಹನ್ನೊಂದಕ್ಕೆ ಟಿವಿಗೆ ಹಾಕಿದೆ. ಟ್ಯಾಂಕ್ ಆಟದ ಇಟ್ಟಿಗೆ ಗೋಡೆಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮೂಡಿದವು. ಸದ್ದು ಮಾತ್ರ ಇಲ್ಲ.

ಎರಡು ಗಂಟೆ ಬೆಸುಗೆಗಳನ್ನೇ ಮತ್ತೆ ಮತ್ತೆ ನೋಡಿದೆ. ಅಮ್ಮ ಊಟಕ್ಕೆ ಕರೆದು ಕರೆದು ಸುಮ್ಮನಾದಳು. ತಂತಿ ಸರಿ, ಸಾಕೆಟ್ ಸರಿ. ಕೊನೆಗೆ ಫ್ಯಾಮಿಕಾಮ್‌ನ ಸರ್ಕ್ಯೂಟ್ ನಕ್ಷೆ ಹರಡಿಕೊಂಡು ಸದ್ದಿನ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿದೆ. ಆ ಗೆರೆ ನೇರವಾಗಿ ಟಿವಿಗೆ ಹೋಗುವುದೇ ಇಲ್ಲ! ಕ್ಯಾಸೆಟ್ಟಿನ 60 ಪಿನ್‌ಗಳಲ್ಲಿ 45ನೆಯದರ ಮೂಲಕ ಸದ್ದು ಕ್ಯಾಸೆಟ್ಟಿನೊಳಗೆ ಹೋಗಿ, 46ನೆಯದರ ಮೂಲಕ ಹೊರಬರುತ್ತದೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಆ ಎರಡನ್ನೂ ಒಂದು ತಾಮ್ರದ ಗೆರೆ ಸೇರಿಸಿರುತ್ತದೆ, ಅಷ್ಟೆ. ಆದರೆ ಆಟ ಮಾಡುವವರು ಬಯಸಿದರೆ ಅಲ್ಲೇ ತಮ್ಮ ಸ್ವಂತ ಧ್ವನಿಯನ್ನು ಬೆರೆಸಬಹುದು. ಆಟಗಳನ್ನು ಮಾಡುವ ಕೊನಾಮಿ ಕಂಪನಿಯವರ ವಿಆರ್‌ಸಿ6 ಎಂಬ ಚಿಪ್ ಹೀಗೆ ಮೂರು ಹೆಚ್ಚುವರಿ ಸ್ವರಗಳನ್ನು ಸೇರಿಸುತ್ತಿತ್ತು. ಕೈಯಲ್ಲಿನ ಕೆಲಸ ಮರೆತು ಆ ನಕ್ಷೆಯನ್ನೇ ನೋಡುತ್ತ ಕುಳಿತೆ. ಮುಂದೆ ಯಾರೋ ಏನೋ ಹೊಸತು ತರಬಹುದೆಂದು ಬಾಗಿಲು ತೆರೆದಿಟ್ಟವರ ಬಗ್ಗೆ ಗೌರವ ಮೂಡಿತು.

ನನ್ನ ಕ್ಯಾಸೆಟ್ಟಿನ ಆ ಎರಡು ಪಟ್ಟಿಗಳು ಕಪ್ಪುಗಟ್ಟಿದ್ದವು. ಆಟ ಹತ್ತದಿದ್ದಾಗೆಲ್ಲ ಅಕ್ಕ ಕ್ಯಾಸೆಟ್ಟಿಗೆ ಉಫ್ ಎಂದು ಊದುತ್ತಿದ್ದಳು. ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಅರವತ್ತನ್ನೂ ಒಂದೊಂದಾಗಿ ಒರೆಸಿದೆ. ಒಣಗಲು ಬಿಟ್ಟು ಊಟ ಮಾಡಿ ಬಂದು ಮತ್ತೆ ಹಾಕಿದೆ.

ಟ್ಯಾಂಕ್ ಆಟದ ಆರಂಭದ ರಾಗ ಮನೆಯಲ್ಲೆಲ್ಲ ಕೇಳಿಸಿತು. ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ ಮೊಬೈಲನ್ನು ಟಿವಿಯ ಹತ್ತಿರ ಹಿಡಿದೆ.

"ನನ್ನದು ಹಸಿರು ಟ್ಯಾಂಕ್" ಎಂದಳು.

ದೀಪಾವಳಿಗೆ ಬರುತ್ತಾಳಂತೆ. ಅಷ್ಟರೊಳಗೆ ಎರಡನೆಯ ಕಂಟ್ರೋಲರ್‌ನ ಕಡಿದ ತಂತಿಯನ್ನು ಬದಲಿಸಬೇಕು.